ಬೆಳ್ಳಗೆ ಉಜ್ಜಿದ ಬಾಣಲೆ

ಹಲಸೂರು
9 ಸೆಪ್ಟೆಂಬರ್ 2024

ಫಹ್ಮಿ,

ಇಲ್ಲಿ ಎಲ್ಲರೂ ಕ್ಷೇಮ, ನನ್ನೊಬ್ಬಳನ್ನು ಬಿಟ್ಟು. ಅದಕ್ಕೇ ಫೋನು ಮಾಡದೆ ಕಾಗದ ಬರೆಯುತ್ತಿದ್ದೇನೆ. ನಮ್ಮ ಕರಾರು ನೆನಪಿದೆ ತಾನೆ? ಎಂಟನೇ ಕ್ಲಾಸಿನಲ್ಲಿ ಜಡೆ ಹಿಡಿದು ಜಗಳವಾಡಿ ಕನ್ನಡ ಮೇಡಂ ಕೈಯಲ್ಲಿ ಏಟು ತಿಂದ ದಿನ ಮಾಡಿಕೊಂಡದ್ದು. ಕೋಪ ಬಂದರೆ ಬಾಯಲ್ಲಿ ಆಡಕೂಡದು, ಬರೆದು ಕೊಡಬೇಕು. ಎದುರಿಗೆ ಸಿಕ್ಕಾಗ ನಗುತ್ತಲೇ ಇರಬೇಕು. ನಲವತ್ತು ವರ್ಷ ನಡೆಸಿಕೊಂಡು ಬಂದಿದ್ದೇವೆ. ಒಂದೇ ಬೀದಿಯಲ್ಲಿ ಇದ್ದಾಗಲೂ ಕಿಟಕಿಯಿಂದ ಚೀಟಿ ತೂರಿದೆವೇ ಹೊರತು ಕಿರುಚಾಡಲಿಲ್ಲ. ನೀನು ಹೊರಮಾವಿನ ಆರನೇ ಮಹಡಿಗೆ ಹೋಗಿ ವರ್ಷವಾಯಿತು ಎಂದು ಈಗ ಅದನ್ನು ಮುರಿಯುವುದು ಬೇಡ.

ನಿನ್ನೆ ಗಣಪತಿ ಹಬ್ಬದ ಕರ್ಜಿಕಾಯಿ ಹಿಡಿದುಕೊಂಡು, ಎರಡು ಬಸ್ಸು ಬದಲಿಸಿ, ಬೆವರು ಸುರಿಸಿಕೊಂಡು ನಿನ್ನ ಮನೆಗೆ ಬಂದೆ. ನಿನ್ನ ಮಗಳು ತೂಬಾ ಬಾಗಿಲು ತೆಗೆದವಳೇ ಏನಂದಳು, ಕೇಳಿಸಿಕೊಂಡೆಯಾ? "ಖಾಲಾ, ಕರೆಕ್ಟ್ ಟೈಮ್‌ಗೆ ಬಂದ್ರಿ! ಎದುರುಮನೆ ಶೀಬಾ ಆಂಟಿ ನೂಡಲ್ಸ್ ಕಳ್ಸಿದಾರೆ, ತಿಂದ್ ನೋಡಿ. ನಿಮ್ಮದಕ್ಕಿಂತ ಏನೂ ಕಮ್ಮಿ ಇಲ್ಲ!"

ತಿಂದೆ. ಚೆನ್ನಾಗಿತ್ತು ಕಣೆ. ಚೆನ್ನಾಗಿಲ್ಲದಿದ್ದರೆ ನಾನೇಕೆ ಪೆನ್ನು ಹಿಡಿಯುತ್ತಿದ್ದೆ? ಒಂದೆಳೆಗೆ ಇನ್ನೊಂದು ಅಂಟಿರಲಿಲ್ಲ. ಎಲೆಕೋಸು ಕಟುಂ ಅನ್ನುತ್ತಿತ್ತು. ವಿನೆಗರ್ ಒಂದು ಚೂರು ಜಾಸ್ತಿ, ಹೊಗೆಯ ವಾಸನೆ ಇಲ್ಲವೇ ಇಲ್ಲ. ಆದರೂ ಚೆನ್ನಾಗಿತ್ತು. ನೀನು ಅಡುಗೆಮನೆ ಬಾಗಿಲಲ್ಲಿ ನಿಂತುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದೆ. ನಾನು ನಕ್ಕೆ, ಕರಾರಿನ ಪ್ರಕಾರ.

ಈಗ ಬರೆಯುತ್ತೇನೆ ಕೇಳು. ನನಗೆ ಹೊಟ್ಟೆಕಿಚ್ಚು. ತೂಬಾ ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ಅನ್ನ ಬಿಟ್ಟಿದ್ದಳಲ್ಲ, ಆಗ ಅವಳ ಹೊಟ್ಟೆಗೆ ಇಳಿದದ್ದು ನನ್ನ ನೂಡಲ್ಸ್. ಆಮೇಲೆ ಇಪ್ಪತ್ತು ವರ್ಷ ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ತಟ್ಟೆ ಹಿಡಿದುಕೊಂಡು ನಮ್ಮ ಹೊಸ್ತಿಲಲ್ಲಿ ಹಾಜರು. ನನಗೆ ಮಕ್ಕಳಿಲ್ಲ ಎಂದು ಊರೆಲ್ಲ ಲೊಚಗುಟ್ಟಿದಾಗಲೂ ನನಗೆ ಅಷ್ಟಾಗಿ ಅನ್ನಿಸಿರಲಿಲ್ಲ, ಭಾನುವಾರ ಒಂದಿತ್ತು. ಹತ್ತು ವರ್ಷದವಳಿದ್ದಾಗ ಅವಳೇ ಹೇಳಿದ್ದು, "ನನ್ ಶಾದಿಗೆ, ಮೆಹೆಂದಿ ದಿನ, ಎಲ್ರಿಗೂ ಖಾಲಾ ನೂಡಲ್ಸೇ." ಈಗ ನಿನ್ನೆ ಮೊನ್ನೆ ಬಂದ ಶೀಬಾ ಯಾರೇ? ಹೊಸ ನೀರು ಬಂದರೆ ಹಳೆ ನೀರು ಕೊಚ್ಚಿಕೊಂಡು ಹೋಗುತ್ತದೆ ಎನ್ನುವುದು ಸುಳ್ಳಲ್ಲ.

ಕರ್ಜಿಕಾಯಿ ಡಬ್ಬಿ ನಿನ್ನಲ್ಲೇ ಇದೆ. ಅವಸರವಿಲ್ಲ.

ನಿನ್ನ ಮೇಲೆ ಕೋಪದಲ್ಲಿರುವ,
ರೇವತಿ


ಹೊರಮಾವು
21 ಸೆಪ್ಟೆಂಬರ್ 2024

ರೇವು,

ಕಾಗದ ಸಿಕ್ಕಿತು. ತಂದುಕೊಟ್ಟ ಅಸ್ಗರ್ ಗೊಣಗಿದರು. "ನಾನು ನಿನ್ನ ಗಂಡನೋ, ಶಿವಾಜಿನಗರದಲ್ಲಿ ಪರದೆ ಬಟ್ಟೆ ಮಾರೋನೋ, ನಿಮ್ಮಿಬ್ಬರ ಪೋಸ್ಟ್‌ಮ್ಯಾನೋ? ಅಂಗಡಿಗ್ ಹೋಗೋ ದಾರೀಲಿ ಹಲಸೂರಿಗೊಂದು ಸುತ್ತು, ಬರೋ ದಾರೀಲಿ ಇನ್ನೊಂದು." ಗೊಣಗಲಿ ಬಿಡು. ಅವರು ತರುತ್ತಾರೆ ಎನ್ನುವ ಧೈರ್ಯದಿಂದಲೇ ನಾವು ಇಷ್ಟು ವರ್ಷ ಕೋಪ ಮಾಡಿಕೊಂಡಿದ್ದೇವೆ.

ಡಬ್ಬಿ ವಾಪಸ್ ಕಳಿಸಿದ್ದೇನೆ. ಖಾಲಿ ಪಾತ್ರೆ ಹಿಂದಿರುಗಿಸಬಾರದು ಎಂದು ನಮ್ಮಮ್ಮಿ ಬಡಿದುಕೊಳ್ಳುತ್ತಿದ್ದರಲ್ಲ, ಅದಕ್ಕೆ ಖರ್ಜೂರ ತುಂಬಿಸಿದ್ದೇನೆ. ಎಲ್ಲವನ್ನೂ ನೀನೇ ತಿನ್ನಬೇಡ, ಗಂಡ ಅಂತ ಒಬ್ಬರಿದ್ದಾರೆ, ವೆಂಕಟಸ್ವಾಮಿ ಅಣ್ಣನಿಗೂ ಕೊಡು.

ಶೀಬಾಳ ವಿಷಯ. ಪಾಪ, ಒಳ್ಳೆಯ ಹುಡುಗಿ. ಸಣ್ಣ ಮಗು ಕಟ್ಟಿಕೊಂಡು ಮನೆಯಲ್ಲೇ ಕೇಕು ಮಾಡಿ ಮಾರುತ್ತಾಳೆ. ಅವಳ ಮೇಲೇಕೆ ಉರಿದುಬೀಳುತ್ತೀ? ತೂಬಾ ಒಂದು ಮಾತು ಹೊಗಳಿದರೆ ನಿನ್ನ ಆಸ್ತಿ ಬರೆದುಕೊಟ್ಟಂತಾಯಿತೇ? ಅವಳು ನಿನ್ನ ನೂಡಲ್ಸನ್ನು ಇಪ್ಪತ್ತು ವರ್ಷ ಹೊಗಳಿದಳು. ಅಷ್ಟು ವರ್ಷ ನಾನು ಕೇಳಿಸಿಕೊಂಡು ಸುಮ್ಮನಿದ್ದೆ.

ಅದಿರಲಿ. ಹೊಗೆಯ ವಾಸನೆ ಇರಲಿಲ್ಲ ಎಂದು ಬರೆದಿದ್ದೀಯಲ್ಲ, ಅದು ಬರಬೇಕಾದರೆ ಏನು ಮಾಡಬೇಕು? ಸುಮ್ಮನೆ ಕೇಳಿದೆ.

ತೂಬಾಗೆ ಫ್ರೇಜರ್ ಟೌನಿನ ಒಂದು ಸಂಬಂಧ ಬಂದಿದೆ. ಹುಡುಗನ ಹೆಸರು ಉಮೈರ್. ಕೋಪ ಇಳಿದ ಮೇಲೆ ಫೋನು ಮಾಡು, ಎಲ್ಲ ಹೇಳುತ್ತೇನೆ.

ನಿನ್ನ,
ಫಹ್ಮಿ


ಹಲಸೂರು
3 ನವೆಂಬರ್ 2024

ಫಹ್ಮಿ,

ಹುಡುಗ ಮುತ್ತಿನಂಥವನು. ನಿಶ್ಚಯದ ದಿನ ನಾನು ಮನಸಾರೆ ನಕ್ಕೆ, ಅದು ಕರಾರಿನ ನಗು ಅಲ್ಲ.

ಆದರೆ ಮಿಠಾಯಿ ತಟ್ಟೆ ಹಿಡಿದು ಒಳಗೂ ಹೊರಗೂ ಓಡಾಡುತ್ತಿದ್ದವಳು ಯಾರು? ಶೀಬಾ. ಹುಡುಗನ ತಾಯಿಗೆ ಶರಬತ್ತು ಕೊಟ್ಟವಳು? ಶೀಬಾ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅದೇ ಹುಡುಗನ ತಾಯಿ "ಮೆಹೆಂದಿ ದಿನ ಏನ್ ಮಾಡಿಸ್ತೀರಾ?" ಎಂದು ಕೇಳಿದಾಗ ನೀನು ಏನಂದೆ? "ನೂಡಲ್ಸ್. ಮನೇಲೇ ಮಾಡ್ತೀವಿ." ಹೇಳಿ ಶೀಬಾಳ ಕಡೆ ನೋಡಿದೆ. ನಾನು ಮಗ್ಗುಲಲ್ಲೇ ಕುಳಿತಿದ್ದೆ, ನನ್ನ ಕಡೆ ತಿರುಗಲಿಲ್ಲ.

ಹೊಗೆಯ ವಾಸನೆ ಹೇಗೆ ಎಂದು ಕೇಳಿದ್ದೆಯಲ್ಲ. ಯಾರಿಗೋಸ್ಕರ ಕೇಳಿದೆ ಎನ್ನುವುದು ತಿಳಿಯದಷ್ಟು ಪೆದ್ದಿ ನಾನಲ್ಲ. ಹೇಳು ಅವಳಿಗೆ, ಹೊಸ ನಾನ್‌ಸ್ಟಿಕ್ಕಿನಲ್ಲಿ ಜನ್ಮ ಕಳೆದರೂ ಬರುವುದಿಲ್ಲ ಅಂತ. ಅದು ಬರುವುದು ನಿಮ್ಮ ಬದ್ರುನ್ನೀಸಾ ಅಮ್ಮಿಯ ಕಬ್ಬಿಣದ ಬಾಣಲೆಯಲ್ಲಿ. ಅಮ್ಮಿ ಆಸ್ಪತ್ರೆಗೆ ಹೋಗುವ ಮುಂಚೆ ನಮ್ಮಿಬ್ಬರನ್ನೂ ಕರೆದು "ಇದು ಇಬ್ರಿಗೂ ಸೇರಿ ಒಂದೇ, ಕಿತ್ತಾಡಬೇಡಿ" ಎಂದು ಕೊಟ್ಟದ್ದು. ಮನೆ ಬದಲಿಸುವಾಗ ನೀನು ಏನಂದೆ, ನೆನಪಿದೆಯಾ? "ಹೊಸ ಕಿಚನ್‌ಗೆ ಈ ಕರಿ ಮಸಿ ಯಾಕೆ, ನೀನೇ ಇಟ್ಕೊ." ಇಟ್ಟುಕೊಂಡೆ.

ಕಲಿತದ್ದಾದರೂ ಹೇಗೆ? ನಮಗೆ ಇಪ್ಪತ್ತು ವರ್ಷ. ಟೈಲರಿಂಗ್ ಕ್ಲಾಸು ತಪ್ಪಿಸಿ ಹಲಸೂರು ಕೆರೆ ದಂಡೆಯ ಚೈನೀಸ್ ಗಾಡಿ ಮುಂದೆ ನಿಲ್ಲುತ್ತಿದ್ದೆವು, ಒಂದು ಪ್ಲೇಟಿಗೆ ಎರಡು ಫೋರ್ಕು. ನಾನು ಆ ಗಾಡಿಯವನ ಕೈ ನೋಡುತ್ತಿದ್ದೆ. ಯಾವಾಗ ಉರಿ ಏರಿಸಿದ, ಯಾವಾಗ ಎಸೆದ, ಯಾವಾಗ ಸಾಸು ಸುರಿದ, ಎಲ್ಲ ಕಣ್ಣಲ್ಲೇ ಕಲಿತೆ. ಕಷ್ಟಪಟ್ಟು ಕಲಿತದ್ದನ್ನು ಕಂಡಕಂಡವರಿಗೆ ಹಂಚಲು ನಾನು ಧರ್ಮಛತ್ರ ಇಟ್ಟಿಲ್ಲ.

ದೀಪಾವಳಿಯ ಸಜ್ಜಪ್ಪ ಇಟ್ಟಿದ್ದೇನೆ. ತೂಬಾಗೆ ಎರಡು ಜಾಸ್ತಿ ಕೊಡು.

ಇನ್ನೂ ಉರಿಯುತ್ತಿರುವ,
ರೇವತಿ


ಹೊರಮಾವು
28 ನವೆಂಬರ್ 2024

ರೇವು,

ನಿನ್ನ ಕಾಗದ ಓದಿ ಮೂರು ವಾರ ಸುಮ್ಮನಿದ್ದೆ. ಏನು ಬರೆದರೂ ನೀನು ಅದರಲ್ಲಿ ಶೀಬಾಳನ್ನೇ ಹುಡುಕುತ್ತೀ.

ಕೆರೆ ದಂಡೆಯದು ನನಗೂ ನೆನಪಿದೆ. ನೀನು ಅವನ ಕೈ ನೋಡುತ್ತಿದ್ದೆ, ಸರಿ. ನಾನು ಎಲ್ಲಿ ನೋಡುತ್ತಿದ್ದೆ? ರಸ್ತೆ. ನಮ್ಮ ಮುನಾವರ್ ಅಣ್ಣನ ಸ್ಕೂಟರ್ ಬಂದರೆ ಇಬ್ಬರ ಕಾಲೂ ಮುರಿಯುತ್ತಿದ್ದ. ಗಾಡಿಗೆ ಬೆನ್ನು ಹಾಕಿ ರಸ್ತೆ ಕಾಯುವುದು ನನ್ನ ಪಾಲು, ಕಲಿಯುವುದು ನಿನ್ನ ಪಾಲು. ನಾನು ಒಂದು ದಿನವೂ ಅವನ ಬಾಣಲೆಯೊಳಗೆ ಏನಿದೆ ಎಂದು ನೋಡಲಿಲ್ಲ.

ಮದುವೆ ಜನವರಿ 10, ಶುಕ್ರವಾರ. ಮೆಹೆಂದಿ 8ಕ್ಕೆ, ನಮ್ಮ ಮನೆಯಲ್ಲೇ. ಹೆಂಗಸರೇ ನಲವತ್ತು ಜನ ಆಗುತ್ತಾರೆ. ನೂಡಲ್ಸ್ ಇಲ್ಲೇ ನೋಡಿಕೊಳ್ಳುತ್ತೇವೆ. ಈ ಸಲ ನೀನು ಒಲೆಯ ಮುಂದೆ ನಿಲ್ಲಬೇಡ. ನನ್ನ ಮಗಳ ಮೆಹೆಂದಿಗೆ ನೀನು ರೇಷ್ಮೆ ಸೀರೆ ಉಟ್ಟು ಕುರ್ಚಿಯ ಮೇಲೆ ಕುಳಿತು ತಿನ್ನಬೇಕು. ಇದರಲ್ಲಿ ಬೇರೆ ಅರ್ಥ ಹುಡುಕಬೇಡ. ಹುಡುಕುತ್ತೀ ಅಂತ ಗೊತ್ತು.

ಒಂದು ಕೇಳುತ್ತೇನೆ, ಬೈಯಬೇಡ. ಅಮ್ಮಿಯ ಬಾಣಲೆ ಕಳಿಸು. ಅದಿಲ್ಲದೆ ಆ ರುಚಿ ಬರುವುದಿಲ್ಲ ಎಂದು ನೀನೇ ಬರೆದೆ. ಕರಿ ಮಸಿ ಅಂದದ್ದು ನನ್ನ ತಪ್ಪು. ಮದುವೆ ಮುಗಿದ ಮೇಲೆ ವಾಪಸ್ ಕೊಡುತ್ತೇನೆ.

ನಿನ್ನ,
ಫಹ್ಮಿ


ಹಲಸೂರು
18 ಡಿಸೆಂಬರ್ 2024

ಫಹ್ಮಿ,

ಬಾಣಲೆ ಕಳಿಸಿದ್ದೇನೆ. ಅಸ್ಗರ್ ಭಾಯಿಗೆ ಸ್ಕೂಟರ್ ಮುಂದೆ ಇಟ್ಟುಕೊಳ್ಳಲು ಕಷ್ಟವಾಗಬಾರದು ಎಂದು ಗೋಣಿಚೀಲದಲ್ಲಿ ಕಟ್ಟಿದ್ದೇನೆ.

ಮದುವೆ ಮನೆಗೆ ಮಸಿ ಹಿಡಿದ ಪಾತ್ರೆ ಕಳಿಸಬಾರದು ಅಂತಾರೆ. ಅದಕ್ಕೆ ಹುಣಸೆಹಣ್ಣು, ಸೋಪಿನ ಪುಡಿ, ಇಟ್ಟಿಗೆ ಪುಡಿ ಹಾಕಿ, ಕಬ್ಬಿಣದ ನಾರಿನಲ್ಲಿ ಎರಡು ದಿನ ಉಜ್ಜಿದೆ. ಬೆಳ್ಳಗಾಗಿದೆ. ಮುಖ ನೋಡಿಕೊಳ್ಳಬಹುದು. ನಮ್ಮವರು ಹಿತ್ತಿಲಿಗೆ ಬಂದು ನೋಡಿ, "ಇದನ್ನ ಹಿಂಗೆ ಉಜ್ಜಬಾರ್ದು ಅಂತ ನೀನೇ ಅಂತಿದ್ಯಲ್ಲೇ?" ಅಂದರು. ಗಂಡಸರಿಗೆ ಅಡುಗೆಮನೆ ವಿಷಯ ಏನು ಗೊತ್ತು.

ಬಾಣಲೆಯೊಳಗೆ ಬಳೆ ಇದೆ, ತೂಬಾಗೆ. ಹಸಿರು ಗಾಜಿನವು. ಹಾಕಿಕೊಳ್ಳುತ್ತಾಳೋ ಇಲ್ಲವೋ.

ನಿನ್ನ ಶೀಬಾ ಚೆನ್ನಾಗಿ ಮಾಡಲಿ.

ರೇವತಿ


ಹೊರಮಾವು
23 ಡಿಸೆಂಬರ್ 2024

ರೇವು,

ಚೀಲ ಬಿಚ್ಚಿದವಳು ಅಲ್ಲೇ ಕುಳಿತುಬಿಟ್ಟೆ. ಬೆಳ್ಳಿ ಪಾತ್ರೆಯ ಹಾಗೆ ಹೊಳೆಯುತ್ತಿದೆ. ಅಮ್ಮಿ ನೋಡಿದ್ದರೆ ಗುರುತೇ ಹಿಡಿಯುತ್ತಿರಲಿಲ್ಲ. ಇಷ್ಟು ಹೊಟ್ಟೆಕಿಚ್ಚು ಇಟ್ಟುಕೊಂಡೂ ನನ್ನ ಮಗಳ ಮದುವೆಗೆ ಎರಡು ದಿನ ಕೈ ನೋಯಿಸಿಕೊಂಡೆಯಲ್ಲ, ನನಗೆ ಅಳು ಬಂತು. ಶೀಬಾಳ ವಿಷಯದಲ್ಲಿ ನಿನಗೆ ಹೇಳಬೇಕಾದದ್ದು ಒಂದಿದೆ. ಮೆಹೆಂದಿ ದಿನ ಎಲ್ಲರೂ ತಿಂದಾದ ಮೇಲೆ ಹೇಳುತ್ತೇನೆ.

ಬಳೆ ತೂಬಾ ಆಗಲೇ ಹಾಕಿಕೊಂಡಳು. ಮೆಹೆಂದಿಗೆ ಬೆಳಗ್ಗೆಯೇ ಬಾ.

ನಿನ್ನ,
ಫಹ್ಮಿ


ಹೊರಮಾವು
14 ಜನವರಿ 2025

ರೇವು,

ಮೊಣಕಾಲು ನೋವು ಎಂದು ನೀನು ಮೆಹೆಂದಿಗೆ ಬರಲಿಲ್ಲ. ಶುಕ್ರವಾರ ನಿಕಾಹ್‌ಗೆ ಮಾತ್ರ ಮೆಟ್ಟಿಲು ಹತ್ತಿ ಬಂದೆ, ನೋವು ಕಾಣಲಿಲ್ಲ. ಇಬ್ಬರೂ ಫೋಟೋದಲ್ಲಿ ಚೆನ್ನಾಗಿ ನಕ್ಕಿದ್ದೇವೆ. ಈಗ ಬರೆಯುತ್ತೇನೆ.

ಮೆಹೆಂದಿ ದಿನ ನೂಡಲ್ಸ್ ಕೆಟ್ಟುಹೋಯಿತು. ಸ್ವಲ್ಪವಲ್ಲ, ಪೂರ್ತಿ. ಬೇಯಿಸಿ, ತಣ್ಣೀರು ಹಾಕಿ, ಎಣ್ಣೆ ಸವರಿ, ಬಟ್ಟೆಯ ಮೇಲೆ ಹರಡಿ ಫ್ಯಾನಿನ ಗಾಳಿಗೆ ಆರಿಸಿ ಎಲ್ಲ ಸರಿಯಾಗಿಯೇ ಮಾಡಿದ್ದು. ಬಾಣಲೆಗೆ ಬಿದ್ದದ್ದೇ ತಡ, ಗೋಡೆಗೆ ಗಾರೆ ಹಿಡಿದ ಹಾಗೆ ಹಿಡಿದುಕೊಂಡಿತು. ಕೆರೆದರೆ ತುಂಡುತುಂಡಾಗಿ ಮುದ್ದೆ. ಬಣ್ಣ ಬೂದಿ. ಬಾಯಿಗೆ ಇಟ್ಟರೆ ತುಕ್ಕಿನ ರುಚಿ. ಹೊರಗೆ ನಲವತ್ತು ಜನ, ಉಮೈರ್ ತಾಯಿ, ಅವನ ಅಕ್ಕಂದಿರು. ತೂಬಾಳ ಎರಡು ಕೈಗೂ ಮೆಹೆಂದಿ, ಯಾರಾದರೂ ತಿನ್ನಿಸಬೇಕು. ಮೊದಲ ತುತ್ತು ನಾನೇ ತಿನ್ನಿಸಿದೆ. ಅವಳು ನುಂಗಿದಳು. ನುಂಗಿ ಮೆತ್ತಗೆ ಕೇಳಿದಳು, "ಮಮ್ಮಿ, ಇದು ಖಾಲಾ ಮಾಡಿದ್ದಲ್ಲ ಅಲ್ವಾ?"

ಹೋಟೆಲಿನಿಂದ ಬಿರಿಯಾನಿ ತರಿಸಿದೆವು. ಎಲ್ಲರೂ ತಿಂದರು. ಹುಡುಗನ ಅಕ್ಕ ಹೋಗುವಾಗ "ನೂಡಲ್ಸ್ ಅಂದಿದ್ರಿ?" ಅಂದಳು.

ಮಾಡಿದವಳು ಶೀಬಾ ಅಲ್ಲ. ನಾನು. ಶೀಬಾ ಹುಟ್ಟಿದಾಗಿನಿಂದ ನೂಡಲ್ಸ್ ಮಾಡಿದವಳೇ ಅಲ್ಲ, ಅವಳಿಗೆ ಬರುವುದು ಕೇಕು ಮಾತ್ರ. ಗಣಪತಿ ಹಬ್ಬದ ಮಾರನೆಯ ದಿನ ನೀನು ತಿಂದದ್ದೂ ನನ್ನದೇ. ವಿನೆಗರ್ ಜಾಸ್ತಿ ಅಂದೆಯಲ್ಲ, ನನ್ನ ಕೈ ಮೊದಲಿನಿಂದಲೂ ಹುಳಿ. ತೂಬಾ ಆಫೀಸಿಗೆ ಹೋದ ಮೇಲೆ ಎಂಟು ತಿಂಗಳು ಕಲಿತೆ. ಕೆಟ್ಟದ್ದನ್ನೆಲ್ಲ ನಾನೇ ತಿಂದೆ. ನಾನು ಮಾಡಿದ್ದು ಅಂದರೆ ಅವಳು ಮೊದಲ ತುತ್ತಿಗೇ ನಿನ್ನದಕ್ಕೆ ಹೋಲಿಸುತ್ತಾಳೆ. ಅದಕ್ಕೆ ಶೀಬಾಳ ಹೆಸರು ಹಾಕಿದೆ. ಬೇರೆಯವರದು ಅಂದಾಗ ಅವಳು ಹೊಗಳಿದಳು.

ನಿನಗೊಬ್ಬಳಿಗೇ ಹೊಟ್ಟೆಕಿಚ್ಚು ಅಂದುಕೊಂಡೆಯಾ? ಇಪ್ಪತ್ತು ವರ್ಷ ಭಾನುವಾರ ನಾನು ಬಿರಿಯಾನಿ ಮಾಡಿ ಕಾಯುತ್ತಿದ್ದೆ, ನನ್ನ ಮಗಳು ನಿಮ್ಮ ಮನೆಯಲ್ಲಿ ಹೊಟ್ಟೆ ತುಂಬಿಸಿಕೊಂಡು ಬಂದು "ಹಸಿವಿಲ್ಲ ಮಮ್ಮಿ" ಅನ್ನುತ್ತಿದ್ದಳು. ಅವಳು ಗಂಡನ ಮನೆಗೆ ಹೋಗುವ ಮುಂಚೆ ಒಂದೇ ಒಂದು ಸಲ, ನಿನ್ನೆದುರಿಗೆ, ನನ್ನ ಕೈ ರುಚಿಯನ್ನು ಅವಳು ಹೊಗಳಬೇಕಿತ್ತು. ಅಷ್ಟೇ ನನ್ನ ಆಸೆ.

ಎಲ್ಲಿ ತಪ್ಪಿತು ಎನ್ನುವುದು ತಿಳಿಯುತ್ತಿಲ್ಲ. ಬಾಣಲೆ ಅಷ್ಟು ಚೊಕ್ಕಟವಾಗಿತ್ತು. ನಿನಗೆ ಗೊತ್ತಿದ್ದರೆ ಹೇಳು.

ಫಹ್ಮಿ


ಹಲಸೂರು
15 ಜನವರಿ 2025

ಫಹ್ಮಿ,

ನಿನ್ನ ಕೈ ತಪ್ಪಲಿಲ್ಲ. ಬಾಣಲೆ ಕೆಡಿಸಿ ಕಳಿಸಿದ್ದೆ. ಬೇಕಂತಲೇ.

ಆ ಕರಿ ಮಸಿ ಅಂದೆಯಲ್ಲ, ಅದು ಮಸಿಯಲ್ಲ. ಅಮ್ಮಿ ಮೂವತ್ತು ವರ್ಷ ರಂಜಾನಿಗೆ ಸಮೋಸ ಕರಿದು, ಆಮೇಲೆ ನಾನು ಇಪ್ಪತ್ತು ವರ್ಷ ನೂಡಲ್ಸ್ ಹುರಿದು ಕೂಡಿದ ಎಣ್ಣೆಯ ಪದರ. ಅದಿದ್ದರೆ ಏನೂ ಅಂಟುವುದಿಲ್ಲ. ಹೊಗೆಯ ವಾಸನೆ ಬರುವುದೂ ಅದರಿಂದಲೇ. ಅದಕ್ಕೇ ನಾನು ಬಾಣಲೆಗೆ ಸೋಪು ಸೋಕಿಸುತ್ತಿರಲಿಲ್ಲ. ಬಿಸಿ ಇರುವಾಗಲೇ ಉಪ್ಪು ಹಾಕಿ ಬಟ್ಟೆಯಲ್ಲಿ ಒರೆಸಿ ಎತ್ತಿಡುತ್ತಿದ್ದೆ. ನೀನು ನಮ್ಮ ಮನೆಯಲ್ಲಿ ಪಾತ್ರೆ ತೊಳೆದದ್ದೇ ಇಲ್ಲ, ನಾನು ತೊಳೆಯಗೊಡಲಿಲ್ಲ. ನಿನಗೆ ಹೇಗೆ ತಿಳಿಯಬೇಕು? ಶೀಬಾಗೂ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದೆ. ಮದುವೆ ಮನೆಗೆ ಮಸಿ ಪಾತ್ರೆ ಹೋಗಬಾರದು ಎನ್ನುವ ಶಾಸ್ತ್ರ ಅಡ್ಡ ಇಟ್ಟುಕೊಂಡು ಎರಡು ದಿನ ಉಜ್ಜಿದೆ. ಉಜ್ಜುವಾಗ ಸಂತೋಷವಾಗಿತ್ತು, ಅದನ್ನೂ ಬರೆಯುತ್ತೇನೆ. ಹಲಸೂರಿನ ಹಿತ್ತಿಲಲ್ಲಿ ಕುಳಿತು ಶೀಬಾಳ ಮುಖ ಸಣ್ಣಗಾಗುವುದನ್ನು ನೆನೆಸಿಕೊಂಡು ಹಾಡು ಗುನುಗಿದೆ.

ಮೊಣಕಾಲಿಗೆ ಏನೂ ಆಗಿರಲಿಲ್ಲ. ನೋಡುವ ಧೈರ್ಯವಿರಲಿಲ್ಲ ಅಷ್ಟೆ.

ನಿನ್ನೆ ನಿನ್ನ ಕಾಗದ ಬಂದಾಗ ಎಳ್ಳು ಬೀರಲು ತಟ್ಟೆ ಜೋಡಿಸುತ್ತಿದ್ದೆ. ಓದಿ ತಟ್ಟೆಯನ್ನು ಹಾಗೇ ಇಟ್ಟೆ. ಎಳ್ಳು ತಿಂದು ಒಳ್ಳೆಯ ಮಾತಾಡು ಎಂದು ಯಾವ ಬಾಯಲ್ಲಿ ಹೇಳಲಿ? ತೂಬಾಳ ಬಾಯಿಗೆ ತುಕ್ಕಿನ ತುತ್ತು ಹೋಯಿತಲ್ಲ, ಅದು ನಾನು ಹಾಕಿದ್ದು. ನೀನು ತಿನ್ನಿಸಿದೆ, ಅಷ್ಟೇ. ನಮ್ಮವರಿಗೆ ಹಿತ್ತಿಲಲ್ಲೇ ಗೊತ್ತಾಗಿತ್ತು.

ಕ್ಷಮಿಸು ಅಂತ ಬರೆಯಲು ನನಗೆ ನಾಚಿಕೆ. ಆದರೂ ಬರೆದಿದ್ದೇನೆ.

ರೇವತಿ


ಹೊರಮಾವು
20 ಫೆಬ್ರವರಿ 2025

ರೇವತಿ,

ಬಾಣಲೆ ಕಳಿಸಿದ್ದೇನೆ. ಮದುವೆ ಮುಗಿದ ಮೇಲೆ ವಾಪಸ್ ಕೊಡುತ್ತೇನೆ ಎಂದಿದ್ದೆ. ಒಳಗೆ ಏನೂ ಇಟ್ಟಿಲ್ಲ.

ಫಹ್ಮಿದಾ


ಹಲಸೂರು
16 ಮಾರ್ಚ್ 2025

ಫಹ್ಮಿ,

ಖಾಲಿ ಬಾಣಲೆ ನೋಡಿ ಎರಡು ದಿನ ಊಟ ಸೇರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ. ಮೂರನೆಯ ದಿನ ಎದ್ದು ಒಲೆ ಹಚ್ಚಿದೆ.

ತುಕ್ಕು ಹಿಡಿದಿತ್ತು. ಅದನ್ನು ತೆಗೆದು, ಕಾಯಿಸಿ, ಎಣ್ಣೆಯನ್ನು ತೆಳ್ಳಗೆ ಸವರಿ, ಹೊಗೆ ಬರುವವರೆಗೂ ಉರಿ ಕೊಟ್ಟು, ಆರಿಸಿ, ಮತ್ತೆ ಸವರಿ. ದಿನಕ್ಕೆ ಮೂರು ಸಲ. ಈರುಳ್ಳಿ ಸಿಪ್ಪೆ ಉಪ್ಪು ಹಾಕಿ ಹುರಿದು ಚೆಲ್ಲಿದೆ. ಮೊದಲು ಹಳದಿಯಾಯಿತು, ಆಮೇಲೆ ಕಂದು. ಇಪ್ಪತ್ತೊಂದನೆಯ ದಿನ ಕಪ್ಪಾಯಿತು. ಪಕ್ಕದ ಮನೆಯವರು ಬಂದು "ಏನ್ರೀ ದಿನಾ ಹೊಗೆ, ಏನಾದ್ರೂ ಹೋಮಾನಾ?" ಎಂದು ಕೇಳಿಹೋದರು. ಹಳೆಯ ಕಪ್ಪು ಇದಲ್ಲ, ಅದು ಬರಲು ಇನ್ನು ನಮ್ಮ ಆಯಸ್ಸು ಸಾಲದು. ಆದರೆ ನಿನ್ನೆ ಒಂದು ಮೊಟ್ಟೆ ಒಡೆದು ಹಾಕಿದೆ, ಜಾರಿ ಬಂತು.

ಇನ್ನು ಆ ಗಾಡಿಯವನ ಕೈ ನೋಡಿ ಕಲಿತದ್ದು. ಬಾಣಲೆ ಹೊಗೆಯಾಡುವ ಮುಂಚೆ ಎಣ್ಣೆ ಹಾಕಬೇಡ. ಒಂದು ಸಲಕ್ಕೆ ಎರಡು ಪ್ಲೇಟಿಗಿಂತ ಜಾಸ್ತಿ ಹಾಕಬೇಡ, ನಲವತ್ತು ಜನ ಕಾಯುತ್ತಿದ್ದರೂ ಕಾಯಲಿ. ಎಲೆಕೋಸು ಕೊನೆಯಲ್ಲಿ. ಸೋಯಾ ಸಾಸನ್ನು ನೂಡಲ್ಸ್ ಮೇಲಲ್ಲ, ಬಾಣಲೆಯ ಅಂಚಿಗೆ ಸುರಿ, ಅದು ಅಲ್ಲೇ ಸುಟ್ಟು ಕೆಳಗೆ ಇಳಿಯಬೇಕು. ವಿನೆಗರ್ ಒಲೆ ಆರಿಸಿದ ಮೇಲೆ, ಅರ್ಧ ಚಮಚ. ಅರ್ಧ ಅಂದರೆ ಅರ್ಧ. ಇಷ್ಟೇ ನನ್ನ ಗುಟ್ಟು. ಇನ್ನೇನೂ ಉಳಿಸಿಕೊಂಡಿಲ್ಲ. ಬರೆಯುವಾಗ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ.

ಬಾಣಲೆ ನಿನ್ನ ಮನೆಯಲ್ಲೇ ಇರಲಿ. ಒಳಗೆ ನಿನ್ನ ಇಫ್ತಾರಿಗೆ ಕರಬೂಜ ಇಟ್ಟಿದ್ದೇನೆ.

ನಿನ್ನ,
ರೇವು


ಹೊರಮಾವು
5 ಏಪ್ರಿಲ್ 2025

ರೇವು,

ಕರಬೂಜ ಸಿಹಿಯಿತ್ತು. ನಿನ್ನ ಮೇಲೆ ಇನ್ನೂ ಕೋಪವಿದೆ. ಎರಡೂ ನಿಜ.

ವೆಂಕಟಸ್ವಾಮಿ ಅಣ್ಣ ಹಿತ್ತಿಲಲ್ಲಿ ಹೇಳಿದ ಮಾತನ್ನು ನೀನೇ ಡಿಸೆಂಬರಿನ ಕಾಗದದಲ್ಲಿ ಬರೆದಿದ್ದೆ. ಹೋದ ವಾರ ತೆಗೆದು ಓದಿದೆ. ಪಾತ್ರೆಯ ಹೊಳಪು ನೋಡಿ ಮರುಳಾಗಿ ನಾನೇ ಸರಿಯಾಗಿ ಓದಿಕೊಳ್ಳಲಿಲ್ಲ.

13ಕ್ಕೆ, ಭಾನುವಾರ, ತೂಬಾ ಬರುತ್ತಾಳೆ. ನೀನೂ ಬಾ, ಹನ್ನೊಂದಕ್ಕೆ. ಅವಳಿಗೆ ಬಾಣಲೆಯ ವಿಷಯ ಹೇಳಿಲ್ಲ, ಹೇಳುವುದೂ ಇಲ್ಲ. ತರಕಾರಿ ಹೆಚ್ಚುವುದು ನಿನ್ನ ಕೆಲಸ. ಒಲೆ ನನ್ನದು. ಬಾಯಿ ಹಾಕಕೂಡದು, ಉರಿ ನೋಡಿ ನಿಟ್ಟುಸಿರು ಬಿಡಕೂಡದು. ಆ ಕಾಲದಲ್ಲಿ ರಸ್ತೆ ಕಾಯುತ್ತಿದ್ದವಳು ನಾನು. ಈ ಸಲ ನೀನು ಬೆನ್ನು ತಿರುಗಿಸಿ ಕಾಯಿ, ತೂಬಾ ಅಡುಗೆಮನೆಗೆ ಬಾರದ ಹಾಗೆ.

ಫಹ್ಮಿ


ಹಲಸೂರು
14 ಏಪ್ರಿಲ್ 2025

ಫಹ್ಮಿ,

ನಿನ್ನೆ ನಾವು ಜಗಳವಾಡಲಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇದನ್ನು ಬಾಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ.

ಅಡುಗೆಮನೆ ಬಾಗಿಲಲ್ಲಿ ನಿನಗೆ ಬೆನ್ನು ಹಾಕಿ ನಿಂತಿದ್ದೆ. ಹಿಂದೆ ಬಾಣಲೆ ಚುಂಯ್ ಅಂದಾಗಲೆಲ್ಲ ನನ್ನ ಕೈ ತಾನಾಗಿ ಎದ್ದಿತು. ತಿರುಗಿ ನೋಡಲಿಲ್ಲ. ಸಾಸು ಅಂಚಿಗೆ ಬಿದ್ದ ಸದ್ದು ಕೇಳಿತು, ಆಮೇಲೆ ಆ ಹೊಗೆಯ ವಾಸನೆ. ಗೆದ್ದೆ ನೀನು ಎನ್ನುವುದು ಆಗಲೇ ತಿಳಿಯಿತು.

ತೂಬಾ ಮೊದಲ ತುತ್ತು ತಿಂದವಳೇ ಕಣ್ಣು ಮುಚ್ಚಿ, "ಖಾಲಾ! ಇದೇ, ಇದೇ! ಎಷ್ಟ್ ತಿಂಗ್ಳಾಯ್ತು ನಿಮ್ ಕೈದು ತಿಂದು" ಎಂದು ಎದ್ದು ಬಂದು ನನ್ನ ಕುತ್ತಿಗೆ ಕಟ್ಟಿಕೊಂಡಳಲ್ಲ. ನೀನು ಎದುರಿಗೇ ಇದ್ದೆ, ಕೈಯಲ್ಲಿ ಜಾಲರಿ ಸೌಟು. ಫಹ್ಮಿ, ನಾನು ಆಗ ಒಂದು ತುತ್ತು ನುಂಗುವಷ್ಟು ಹೊತ್ತು ಸುಮ್ಮನಿದ್ದೆ. ಇಷ್ಟೆಲ್ಲ ಆದ ಮೇಲೂ. ಅವಳ ಮುಖ ನನ್ನ ಭುಜದ ಮೇಲಿತ್ತು, ಅವಳಿಗೆ ಯಾರೂ ಹೇಳದಿದ್ದರೆ ಅದು ನನ್ನದಾಗಿಯೇ ಉಳಿಯುತ್ತಿತ್ತು. ನೀನು ಹೇಳುವುದಿಲ್ಲ ಎನ್ನುವುದೂ ನನಗೆ ಗೊತ್ತಿತ್ತು.

ಆಮೇಲೆ ಹೇಳಿದೆ. "ನಾನಲ್ಲ ಕಣೇ. ನಾನು ಎಲೆಕೋಸು ಹೆಚ್ಚಿದ್ದು ಅಷ್ಟೆ. ಮಾಡಿದ್ದು ನಿಮ್ಮಮ್ಮ." ಅವಳು ನಂಬಲಿಲ್ಲ. "ಸುಳ್ಳು!" ಅಂದಳು. ಆಮೇಲೆ ನಿನ್ನ ಮುಖ ನೋಡಿದಳು, ನಂಬಿದಳು. ಎದ್ದು ನಿನ್ನ ಹತ್ತಿರ ಬಂದು ತಟ್ಟೆ ಚಾಚಿ ಇನ್ನೊಂದು ಸಲ ಹಾಕಿಸಿಕೊಂಡಳು. ಮೂರನೆಯ ಸಲವೂ. ನಿನಗೆ ಕೆಮ್ಮು ಬಂದು ನೀನು ಬಾಲ್ಕನಿಗೆ ಹೋದೆ. ನಾನು ಮೆಣಸಿನಕಾಯಿ ಘಾಟು ಎಂದು ಕಣ್ಣು ಒರೆಸಿಕೊಂಡೆ.

ನಿನ್ನದು ಚೆನ್ನಾಗಿತ್ತು. ನನ್ನದಕ್ಕಿಂತ ಚೆನ್ನಾಗಿತ್ತು ಎಂದು ಬರೆಯಬೇಕು ಎಂದುಕೊಂಡು ಕುಳಿತೆ, ಆಗುತ್ತಿಲ್ಲ. ನನ್ನಷ್ಟೇ ಚೆನ್ನಾಗಿತ್ತು. ಇವತ್ತಿಗೆ ಇಷ್ಟು ಸಾಕು. ಬಸ್ಸಿನಲ್ಲಿ ಬರುವಾಗ ಮತ್ತೆ ಹೊಟ್ಟೆ ಉರಿಯಿತು, ಆದರೆ ದೊಡ್ಡ ಉರಿ ಅಲ್ಲ, ಸಣ್ಣ ಉರಿ.

ನಿನ್ನ,
ರೇವು


ಹೊರಮಾವು
19 ಏಪ್ರಿಲ್ 2025

ರೇವು,

ತೂಬಾ ಮುಂದಿನ ಭಾನುವಾರ ನಿಮ್ಮ ಮನೆಗೆ ಬರುತ್ತಾಳಂತೆ, ಉಮೈರ್‌ನನ್ನೂ ಕರೆದುಕೊಂಡು. ಅವನಿಗೆ ನಿನ್ನ ಕೈಯದು ತಿನ್ನಿಸಬೇಕಂತೆ. ನನಗೂ ಉರಿಯಿತು, ನಿನ್ನಷ್ಟೇ ಸಣ್ಣ ಉರಿ. ಅದಕ್ಕೇ ಬಾಣಲೆ ಅಸ್ಗರ್ ಕೈಯಲ್ಲಿ ಕಳಿಸಿದ್ದೇನೆ. ಸೋಪು ಹಾಕಿಲ್ಲ, ಉಪ್ಪಿನಲ್ಲಿ ಒರೆಸಿದ್ದೇನೆ. ಒಳಗೆ ಶೀಬಾ ಮಾಡಿದ ಕೇಕು ಇದೆ. ತಿನ್ನು, ಅವಳು ನಿನಗೇನೂ ಮಾಡಿಲ್ಲ.

ಇನ್ನೊಂದು. ನೀನು ಸುಮ್ಮನಿದ್ದದ್ದು ಒಂದು ತುತ್ತಿನಷ್ಟು ಹೊತ್ತಲ್ಲ, ಎರಡು. ನಾನು ಎದುರಿಗೇ ನಿಂತಿದ್ದೆ, ಎಣಿಸಿದ್ದೇನೆ.

ನಿನ್ನ,
ಫಹ್ಮಿ